ಮದ್ರಾಸ್ ಕೋಣೆ ಕಟ್ಟಿದ ಮಹಾನುಭಾವರು

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ನಾನು ಅವರ ಮನೆಯಲ್ಲಿ ಉಂಡಿದ್ದೇನೆ, ಒಂದಲ್ಲ ಎರಡಲ್ಲ, ಎಷ್ಟೋ ಸಲ. ಅವರ ಹೆಂಡತಿ ಮಾಡುತ್ತಿದ್ದ ಮೆಣಸಿನ ಸಾರಿನ ಋಣ ನನ್ನ ಮೇಲಿದೆ. ಆದರೂ ಇವತ್ತು ಕೂತು ಎಣಿಸುತ್ತೇನೆ. ಹೋದ ಭಾನುವಾರ ಚೆನ್ನೈನ ತಿರುವಲ್ಲಿಕ್ಕೇಣಿಯ ಒಂದು ಸಭಾಂಗಣದಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆಯಿತು. ಒಬ್ಬರು ‘ಪರಂಪರೆಯ ಕಾವಲುಗಾರ’ ಎಂದರು. ಇನ್ನೊಬ್ಬರು ‘ಮದ್ರಾಸನ್ನು ಕಡಲಾಚೆಗೆ ಕೊಂಡೊಯ್ದ ಮಹಾನುಭಾವ’ ಎಂದು ಕಣ್ಣೊರೆಸಿಕೊಂಡರು. ಜೊತೆಗೆ ಕೆಲಸ ಮಾಡಿದವಳು ಎಂದು ನನ್ನನ್ನೂ ಎರಡು ಮಾತಾಡಲು ಕರೆದರು. ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿ ಕೂತಲ್ಲೇ ಕೂತೆ. ಸುಳ್ಳೇನಲ್ಲ, ಹೇಸಿಗೆಯಿಂದಲೂ ಗಂಟಲು ಕಟ್ಟುತ್ತದೆ.

ಬಹುವಚನ ಬಿಡುವುದಿಲ್ಲ. ಸತ್ತವರು, ವಯಸ್ಸಿನಲ್ಲಿ ಹಿರಿಯರು, ಅಷ್ಟನ್ನು ನನ್ನ ತಾಯಿ ಕಲಿಸಿದ್ದಾಳೆ. ಅದರಾಚೆಗೆ ನನ್ನಿಂದ ಅವರಿಗೆ ಏನೂ ಸಿಗುವುದಿಲ್ಲ.

ಅವರ ಪರಿಚಯವಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನಾವಿಬ್ಬರೂ ಊರ ಹೊರವಲಯದ ಪೋರೂರಿನಲ್ಲಿ ಒಂದೇ ಬೀದಿಯವರು. ನಾನು ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೆ. ಅವರು ಕರಕುಶಲ ವಸ್ತುಗಳ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿದ್ದರು. ಮನೆಮಾತು ಕನ್ನಡ, ಆದರೆ ನಾಲ್ಕು ತಲೆಮಾರಿನಿಂದ ಮದ್ರಾಸಿನವರು. ಊರಿನ ಹೆಸರು ಚೆನ್ನೈ ಎಂದು ಬದಲಾಗಿದ್ದರೂ ಅವರ ಬಾಯಲ್ಲಿ ಅದು ಮದ್ರಾಸೇ. ಇಸ್ತ್ರಿ ಮಾಡಿದ ಕಚ್ಚೆಪಂಚೆ, ಹೆಗಲ ಮೇಲೆ ಜರಿ ಅಂಚಿನ ಶಲ್ಯ, ಕಿವಿಯ ಹಿಂದೆ ಒಂದು ತೊಟ್ಟು ಅತ್ತರು. ದಾರಿಯಲ್ಲಿ ಸಿಕ್ಕರೆ ನಾವು ನಮಸ್ಕಾರ ಮಾಡುವ ಮೊದಲೇ ಅವರೇ ಕೈ ಮುಗಿಯುತ್ತಿದ್ದರು. ಅಂಥ ವಿನಯ ಕಂಡರೆ ಈಗ ನಾನು ದೂರ ಸರಿಯುತ್ತೇನೆ.

ಯುರೋಪಿನ ಒಂದು ನಗರ ಹೊಸ ಶತಮಾನದ ನೆಪದಲ್ಲಿ ತನ್ನ ಹಳೆಯ ಅಂತಾರಾಷ್ಟ್ರೀಯ ವಸ್ತುಪ್ರದರ್ಶನವೊಂದನ್ನು ಮತ್ತೆ ಕಟ್ಟಿ ತೋರಿಸಲು ಹೊರಟಿತ್ತು. ಬ್ರಿಟಿಷರ ಕಾಲದಲ್ಲಿ ಆ ಪ್ರದರ್ಶನಕ್ಕೆ ವಸಾಹತುಗಳಿಂದೆಲ್ಲ ಹಡಗು ತುಂಬ ಸಾಮಾನು ಹೋಗಿತ್ತಂತೆ. ನಮ್ಮ ಪ್ರಾಂತ್ಯದಿಂದ ಹೋದದ್ದನ್ನೆಲ್ಲ ‘ಮದ್ರಾಸ್ ಕೋಣೆ’ ಎಂಬ ದೊಡ್ಡ ಅಂಕಣದಲ್ಲಿ ಜೋಡಿಸಿದ್ದರಂತೆ. ದೀಪದ ಕಂಬ, ಚರ್ಮ, ನೀಲಿ, ಮೆಣಸು, ಇವುಗಳ ನಡುವೆ ಆಳೆತ್ತರದ ಮಣ್ಣಿನ ಗೊಂಬೆಗಳು: ಬೆಸ್ತ, ಹೆಂಡ ಇಳಿಸುವವ, ಸೆಟ್ಟಿ, ಬ್ರಾಹ್ಮಣ ವಿಧವೆ. ಮದ್ರಾಸಿನಲ್ಲಿ ಎಂತೆಂಥ ಜನ ಇದ್ದಾರೆ ಎಂದು ದೊರೆಗಳ ಹೆಂಡಿರು ಛತ್ರಿ ಹಿಡಿದು ನೋಡಿ ಹೋಗಿದ್ದರು. ಆ ಕೋಣೆಯನ್ನು ಇದ್ದ ಹಾಗೇ ಮತ್ತೆ ಸಿದ್ಧಮಾಡಿ ಕಳಿಸುವ ಗುತ್ತಿಗೆ ಇವರಿಗೆ ಸಿಕ್ಕಿತು. ವಸ್ತುಗಳ ಕೆಳಗೆ ಇಡುವ ವಿವರಣೆ ಬರೆಯಲು ನನ್ನನ್ನು ಕರೆದರು. ವಿಷಯ ನನ್ನದೇ ಆದ್ದರಿಂದ ಕುಣಿದುಕೊಂಡು ಹೋದೆ.

ಅವರ ನಾಲಿಗೆಯ ಮೇಲೆ ಸದಾ ಇದ್ದ ಮಾತು ‘ಅಥೆಂಟಿಕ್’. ಕಾಫಿ ಅಥೆಂಟಿಕ್ ಇರಬೇಕು, ಪಂಚೆಯ ಅಂಚು ಅಥೆಂಟಿಕ್ ಇರಬೇಕು. ಆದರೆ ಅಂಬತ್ತೂರಿನ ಒಂದು ಎರಕದ ಶೆಡ್ಡಿನಲ್ಲಿ ಹೊಸ ಹಿತ್ತಾಳೆ ದೀಪಗಳನ್ನು ಎರಕ ಹೊಯ್ಯಿಸಿ, ಕಿಲುಬು ಹಿಡಿಯಲೆಂದು ಹುಣಿಸೆಹಣ್ಣು, ಉಪ್ಪು ಬಳಿದು, ತೊಳೆಯದೆ ಗುಂಡಿಯಲ್ಲಿ ಹೂತಿಟ್ಟು, ತಿಂಗಳಾದ ಮೇಲೆ ತೆಗೆಸಿ ನನ್ನ ಮುಂದೆ ತಂದಿಟ್ಟರು. ಇದರ ಕೆಳಗೆ ಏನು ಬರೆಯಲಿ ಎಂದು ಕೇಳಿದೆ.

“ಹಳೇ ದೀಪ ಅಂತ ಬರಿಯಮ್ಮ.”

“ಹೋದ ತಿಂಗಳಿನದಲ್ವಾ ಸಾರ್?”

“ಹೋದ ತಿಂಗಳೂ ಈಗ ಹಳೇದೇ ಅಲ್ವಾ? ಸುಮ್ಮ ಟೆನ್ಷನ್ ಆಗ್ಬೇಡ. ಎಲ್ಲಾ ನಾನು ಪಾತ್ಕೊಳ್ತೀನಿ” ಎಂದು ನಕ್ಕರು. ನೋಡಿಕೊಳ್ಳುತ್ತೇನೆ ಎಂದು, ಅವರ ತಮಿಳು ಬೆರೆತ ಕನ್ನಡದಲ್ಲಿ. ನಾನು ‘ಹಳೆಯ ಮಾದರಿಯ ದೀಪ’ ಎಂದು ಬರೆದೆ. ಅವರು ‘ಮಾದರಿಯ’ ಎಂಬ ಪದವನ್ನು ಹೊಡೆದುಹಾಕಿದರು.

ಇನ್ನೊಂದು ದಿನ ಗೊಂಬೆ ಮಾಡುವ ಶಿಲ್ಪಿಯನ್ನೂ ನನ್ನನ್ನೂ ಕಾಸಿಮೇಡಿನ ಮೀನು ಬಂದರಿಗೆ ಕರೆದುಕೊಂಡು ಹೋದರು. ಬೆಳಗಿನ ಹರಾಜು ಮುಗಿದು ಐಸು ಕರಗಿ ನೆಲವೆಲ್ಲ ಕೊಚ್ಚೆಯಾಗಿತ್ತು. ಅವರು ಮೂಗಿಗೆ ಶಲ್ಯ ಒತ್ತಿಕೊಂಡೇ ಸುತ್ತಾಡಿ ಒಬ್ಬ ಮೀನುಗಾರನನ್ನು ಆರಿಸಿದರು. ಗಟ್ಟಿ ಆಳು, ಗೀರು ಗೀರಿನ ಶರ್ಟು, ಜೇಬಿನಲ್ಲಿ ಪೆನ್ನು. ಅವನು ಹೋಗುತ್ತಿದ್ದದ್ದು ಫೈಬರ್ ದೋಣಿಯಲ್ಲಿ. ಇವರಿಗೆ ಬೇಕಿದ್ದದ್ದು ಕಟ್ಟುಮರದ ತೆಪ್ಪದ ಮೇಲೆ ಕೌಪೀನ ಕಟ್ಟಿ ನಿಂತ ಬೆಸ್ತ. ಶರ್ಟು ತೆಗಿ ಎಂದರು. ತೆಗೆದ. ಲುಂಗಿಯನ್ನೂ ತೆಗೆದು ಕೌಪೀನ ಹಾಕಿಕೋ ಎಂದರು. ಅವನು ಸುತ್ತ ಮೀನು ಮಾರುತ್ತಿದ್ದ ಹೆಂಗಸರ ಕಡೆ ನೋಡಿ, “ಸಟ್ಟೈ ಪೋಟ್ಟಾ ನಾನ್ ಮೀನ್ ಪುಡಿಕ್ಕ ಮಾಟ್ಟೇನಾ ಸಾರ್?” ಎಂದು ಕೇಳಿದ. ಶರ್ಟು ಹಾಕಿಕೊಂಡರೆ ನಾನು ಮೀನು ಹಿಡಿಯುವುದಿಲ್ಲವೇ ಎಂದು. ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ, “ನೋಡಿದ್ಯಾ, ಇವರಿಗೇ ಇವರ ಬೆಲೆ ಗೊತ್ತಿಲ್ಲ” ಎಂದರು. ಕಾರಿನಲ್ಲಿ ಮನೆಗೆ ಬರುವವರೆಗೂ ಸಾಬೂನಿನ ಕಾಗದದಿಂದ ಕೈ ಉಜ್ಜಿಕೊಳ್ಳುತ್ತಲೇ ಇದ್ದರು. ಆ ಮನುಷ್ಯನ ಕೈಯನ್ನು ಅವರು ಮುಟ್ಟಿಯೂ ಇರಲಿಲ್ಲ.

ಇಷ್ಟು ಗುಣ ಎಷ್ಟೋ ದೊಡ್ಡ ಮನುಷ್ಯರಲ್ಲಿ ಕಂಡಿದ್ದೇನೆ, ಇದಕ್ಕಾಗಿ ಕಾಗದ ಖರ್ಚು ಮಾಡುತ್ತಿರಲಿಲ್ಲ. ನಾನು ಹೇಳಬೇಕಾದ್ದು ಅವರ ಸೋದರತ್ತೆಯ ತಲೆಯ ಮಾತು.

ಅತ್ತೆ, ಎಂದರೆ ಅವರ ತಂದೆಯ ಅಕ್ಕ, ಆ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಎಂಬತ್ತು ದಾಟಿದ ಜೀವ. ಬೀದಿಯವರಿಗೆಲ್ಲ ಅವರು ಅತ್ತೆಯೇ. ಮದುವೆಯಾದ ವರ್ಷವೇ ಗಂಡ ಹೋಗಿ, ಇನ್ನೂ ಹುಡುಗಿಯಾಗಿದ್ದಾಗಲೇ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ತವರಿಗೆ ಕಳಿಸಿದ್ದರು. ತಮ್ಮನ ಮಗನನ್ನು ಎತ್ತಿ ಆಡಿಸಿದವರು, ಅವನ ಮನೆಯಲ್ಲೇ ಮುಪ್ಪಾದವರು. ತಿರುವಲ್ಲಿಕ್ಕೇಣಿಯಲ್ಲಿ ಇದ್ದಷ್ಟು ಕಾಲ ಮನೆಯ ಹಿತ್ತಲಿಗೆ ಒಬ್ಬ ಮುದಿ ಕ್ಷೌರಿಕ ತಪ್ಪದೆ ಬರುತ್ತಿದ್ದ. ಇವರು ಪೋರೂರಿನಲ್ಲಿ ಮನೆ ಕಟ್ಟಿಸಿ ಬಂದ ಮೇಲೆ ಅವನಿಗೆ ಅಷ್ಟು ದೂರ ಬರಲಾಗಲಿಲ್ಲ. ಸ್ವಲ್ಪ ದಿನಕ್ಕೆ ಸತ್ತೂ ಹೋದ. ಬೇರೆಯವನನ್ನು ಹುಡುಕುವ ತಾಪತ್ರಯ ಯಾರಿಗೂ ಬೇಡವಾಯಿತು. ಹಾಗೆ ಅತ್ತೆಯ ತಲೆಯಲ್ಲಿ ಕೂದಲು ಬಂತು.

ಅದನ್ನು ನೀವು ನೋಡಬೇಕಿತ್ತು. ಅಚ್ಚ ಬಿಳಿ, ಮೆತ್ತಗೆ, ಕಿವಿ ಮುಚ್ಚುವಷ್ಟು ಬೆಳೆದಿತ್ತು. ನಾನು ಹಿಂದಿನ ಕೋಣೆಗೆ ಹೋದಾಗಲೆಲ್ಲ ಅತ್ತೆ ಸೆರಗನ್ನು ತುಸು ಸರಿಸಿ ತೋರಿಸುತ್ತಿದ್ದರು. ಒಂದು ದಿನ ದನಿ ತಗ್ಗಿಸಿ, “ಕಂದ, ಒಂದು ಬಾಚಣಿಗೆ ತಂದು ಕೊಡ್ತೀಯಾ? ಸಣ್ಣ ಹಲ್ಲಿನದು. ಇವನಿಗೆ ಹೇಳ್ಬೇಡ” ಎಂದರು. ತಂದುಕೊಟ್ಟೆ. ಕೋಣೆಯ ಬಾಗಿಲು ಹಾಕಿಕೊಂಡು ಬಾಚಿದರು. ಬಾಚುತ್ತಾ ಹೇಳಿದರು:

“ನಂದು ಹೋದಾಗ ಕಪ್ಪಗೆ ಮಂಡಿವರೆಗೂ ಇತ್ತು. ಅದು ನರೆಯೋದನ್ನ ನಾನು ನೋಡ್ಲೇ ಇಲ್ಲ ನೋಡು. ಇದ್ದಕ್ಕಿದ್ದಂಗೆ ಇಷ್ಟು ಬೆಳ್ಳಗೆ! ಚೆನ್ನಾಗಿದ್ಯಾ?”

“ತುಂಬಾ ಚೆನ್ನಾಗಿದೆ ಅತ್ತೆ.”

“ಪೋಡಿ, ಹೋಗೇ, ಸುಳ್ಳು ಹೇಳ್ತೀಯ” ಎಂದು ನಾಚಿಕೊಂಡರು. ಅಷ್ಟು ವಯಸ್ಸಿನವರು ನಾಚಿಕೊಂಡದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಇಂಥ ಅತ್ತೆಯ ಬಾಗಿಲಿಗೆ ಬೆಳಗ್ಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಮಹಾನುಭಾವರು ಕೆಲಸಕ್ಕೆ ಹೊರಡುವ ಹೊತ್ತಿಗೆ ವಿಧವೆ ಎದುರಾದರೆ ಅಪಶಕುನವಲ್ಲವೇ? ಅವರ ಹೆಂಡತಿ ಕುಂಕುಮ ಇಟ್ಟುಕೊಂಡು ತುಂಬಿದ ಕೊಡ ಹಿಡಿದು ಗೇಟಿನ ಹತ್ತಿರ ಎದುರು ಬರಬೇಕು, ಕಾರು ಬೀದಿ ದಾಟಬೇಕು, ಆಮೇಲೆ ಹೋಗಿ ಚಿಲಕ ತೆಗೆಯಬೇಕು. ಮೊದಲ ಸಲ ನೋಡಿದಾಗ ನನಗೆ ಅರ್ಥವಾಗಲಿಲ್ಲ. ಅರ್ಥವಾದ ದಿನ ಅವರ ಮನೆಯ ಕಾಫಿಯನ್ನು ಮುಟ್ಟದೆ ಎದ್ದು ಬಂದೆ.

ಗೊಂಬೆಗಳ ಕೆಲಸದಲ್ಲಿ ಬೆಸ್ತ, ಹೆಂಡ ಇಳಿಸುವವ, ಸೆಟ್ಟಿ ಆದರು. ಉಳಿದದ್ದು ವಿಧವೆ. ಶಿಲ್ಪಿ ಅಂದಾಜಿನಲ್ಲೇ ಮಾಡುತ್ತೇನೆ ಎಂದ. ಬೋಳು ತಲೆ ಮಾಡಲು ಏನು ಕಷ್ಟ, ಮಡಕೆ ಮಾಡಿದ ಹಾಗೆ ಎಂದ. ಅವರು ಒಪ್ಪಲಿಲ್ಲ.

“ಮುಖ, ತಲೆ ಎಲ್ಲಾ ನಿಜವಾದ ಆಳಿನ ಮೇಲೇ ಪ್ಲಾಸ್ಟರ್ ಹಾಕಿ ಅಚ್ಚು ತೆಗೀಬೇಕು. ಅಥೆಂಟಿಕ್ ಅಂದ್ರೆ ಅದು. ಮದ್ರಾಸಲ್ಲಿ ಈಗ ಇಂಥವರು ಎಷ್ಟು ಜನ ಇದ್ದಾರೆ ಹೇಳು? ಮನೇಲೇ ಒಬ್ಬಳನ್ನ ಇಟ್ಕೊಂಡು ಊರೆಲ್ಲಾ ಯಾಕೆ ಹುಡುಕ್ಬೇಕು?” ಎಂದರು. ಆಮೇಲೆ ಏನೋ ಸಣ್ಣ ಅಡಚಣೆ ನೆನಪಾದವರಂತೆ, “ಕೂದಲು ಒಂದು ಬಂದ್ಬಿಟ್ಟಿದೆ. ಅದನ್ನ ತೆಗೆಸ್ಬೇಕು” ಎಂದರು.

ಅತ್ತೆ ಬೇಡ ಎನ್ನಲಿಲ್ಲ. ಬೇಡ ಎನ್ನುವ ಅಭ್ಯಾಸವೇ ಅವರಿಗಿರಲಿಲ್ಲ. ಆದರೆ ಶಾಸ್ತ್ರ ಅವರಿಗೆ ಬಾಯಿಪಾಠ. ಮೊದಲ ದಿನ ಇವತ್ತು ಏಕಾದಶಿ ಎಂದರು. ಮರುದಿನ ದ್ವಾದಶಿ, ಪಾರಣೆ. ಆಮೇಲೆ ಮಂಗಳವಾರ ಕ್ಷೌರ ಕೂಡದು, ಶುಕ್ರವಾರ ಕೂಡದು, ಅಮಾವಾಸ್ಯೆ ಹತ್ತಿರ ಬಂತು. ಹೀಗೆ ತಳ್ಳುತ್ತಾ ತಳ್ಳುತ್ತಾ ಚಾತುರ್ಮಾಸ್ಯಕ್ಕೆ ತಂದು ನಿಲ್ಲಿಸಿ, ನಮ್ಮ ಮನೆತನದಲ್ಲಿ ಈ ವ್ರತ ಮುಗಿಯುವವರೆಗೆ ತಲೆಗೆ ಕತ್ತಿ ಮುಟ್ಟಿಸಿದ ಪದ್ಧತಿಯೇ ಇಲ್ಲ ಎಂದುಬಿಟ್ಟರು. ನಾನು ಒಳಗೊಳಗೇ ಕುಣಿದೆ. ಯಾವ ಶಾಸ್ತ್ರ ಅವರ ಕೂದಲನ್ನು ಕಿತ್ತುಕೊಂಡಿತ್ತೋ ಅದನ್ನೇ ಈಗ ಕೂದಲಿಗೆ ಕಾವಲು ಹಾಕಿದ್ದರು.

ಹಡಗಿಗೆ ಸಾಮಾನು ಏರಿಸುವ ದಿನ ಹತ್ತಿರವಾಗುತ್ತಿತ್ತು. ಒಂದು ಮಧ್ಯಾಹ್ನ, ನಾನು ಅಲ್ಲೇ ಕೂತು ಬರೆಯುತ್ತಿದ್ದಾಗ, ಅವರು ಅತ್ತೆಯ ಬಾಗಿಲಲ್ಲಿ ನಿಂತು ಹೇಳಿದರು:

“ಅತ್ತೆ, ವ್ರತದ ದೋಷ ಏನಿದ್ರೂ ನನಗಿರ್ಲಿ.”

“ದೋಷ ನಿನಗಿರ್ಲಿ, ಸರಿ. ತಲೆ ನಂದಲ್ವೇನೋ?” ಎಂದರು ಅತ್ತೆ.

ಅವರು ಸಿಟ್ಟಾಗಲಿಲ್ಲ. ದನಿ ಇನ್ನೂ ಮೃದುವಾಯಿತು. “ನಿಮಗೆ ಹಿಂದೆ ಮುಂದೆ ಯಾರಿದ್ದಾರೆ ಅತ್ತೆ? ನಾಳೆ ಕೊಳ್ಳಿ ಇಡೋನು ನಾನೇ, ಎಳ್ಳುನೀರು ಬಿಡೋನು ನಾನೇ. ನೀವೇ ಯೋಚನೆ ಮಾಡಿ” ಎಂದರು. ಅಷ್ಟೇ. ಬಂದು ನನ್ನ ಎದುರು ಕೂತು, ಕಾಫಿ ತರಲು ಹೆಂಡತಿಗೆ ಹೇಳಿದರು.

ಮಕ್ಕಳಿಲ್ಲದ ಮುದುಕಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಇಲ್ಲ. ಬದುಕಿದ್ದಾಗ ಅನ್ನ ಹಾಕದಿದ್ದರೆ ಉಪವಾಸ ಇದ್ದಾರು, ಉಪವಾಸ ಅವರಿಗೆ ಹೊಸದಲ್ಲ. ಸತ್ತ ಮೇಲೆ ನೀರಿಲ್ಲದೆ ಅಲೆಯುವುದನ್ನು ಅವರು ಹೇಗೆ ತಡೆದಾರು? ನಾನು ಪೆನ್ನು ಕೆಳಗಿಟ್ಟು, ಹೀಗೆ ಮಾತಾಡಬಾರದು ಸಾರ್ ಎಂದೆ. “ಇದು ಮನೆ ವಿಷಯ. ನಿನ್ನ ಕಾಲೇಜು ಭಾಷಣ ಇಲ್ಲಿ ಬೇಡಮ್ಮ” ಎಂದರು, ನಗುತ್ತಲೇ.

ಮಾರನೆಯ ದಿನ ನನ್ನನ್ನು ಅಂಬತ್ತೂರಿಗೆ ಕಳಿಸಿದರು. ದೀಪಗಳ ಲೆಕ್ಕ ನೋಡಿಕೊಂಡು ಬಾ ಎಂದು. ಅಲ್ಲಿ ಕರೆಂಟು ಹೋಗಿ ಶೆಡ್ಡಿಗೆ ಬೀಗ ಹಾಕಿದ್ದರು, ಬೇಗ ಹಿಂದಿರುಗಿದೆ. ಹಿತ್ತಲಿನಲ್ಲಿ ಅತ್ತೆ ಸ್ಟೂಲಿನ ಮೇಲೆ ಕೂತಿದ್ದರು. ಜಂಕ್ಷನ್ನಿನ ಸಲೂನಿನವನು ಗುಂಯ್ ಎನ್ನುವ ಯಂತ್ರ ಹಿಡಿದು ನಿಂತಿದ್ದ. ಅರ್ಧ ತಲೆ ಆಗಿತ್ತು. ಇನ್ನರ್ಧದಲ್ಲಿ ಬಿಳಿ ಕೂದಲು, ಅಂದೇ ಬಾಚಿದ್ದು. ಎಷ್ಟೋ ವರ್ಷ ಗಂಡಸರ ಕಣ್ಣಿಗೆ ಕಾಣದಂತೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡ ತಲೆ ನಾಲ್ಕು ಜನ ಗಂಡಸರ ನಡುವೆ ತೆರೆದಿತ್ತು. ಶಿಲ್ಪಿ ಬಕೆಟ್ಟಿನಲ್ಲಿ ಪ್ಲಾಸ್ಟರ್ ಕಲಸುತ್ತಿದ್ದ, ಒಬ್ಬ ಕ್ಯಾಮರಾ ಹಿಡಿದಿದ್ದ, ಮಹಾನುಭಾವರು ನೆರಳಿನಲ್ಲಿ ಕುರ್ಚಿ ಹಾಕಿಕೊಂಡಿದ್ದರು.

ನಿಲ್ಲಿಸಿ ಎಂದು ಕೂಗಿದೆ. ಸಲೂನಿನವನು ತಕ್ಷಣ ನಿಲ್ಲಿಸಿದ. ಅವನ ಮುಖ ನೋಡಿದರೆ ಓಡಿಹೋಗಲು ನೆಪ ಕಾಯುತ್ತಿದ್ದವನ ಹಾಗಿತ್ತು. ಆಗ ಅತ್ತೆ ಕಣ್ಣು ಮುಚ್ಚಿಕೊಂಡೇ ಅವನಿಗೆ ತಮಿಳಿನಲ್ಲಿ, “ಮುಡಿಚ್ಚುಡುಪ್ಪಾ” ಎಂದರು. ಮುಗಿಸಿಬಿಡಪ್ಪ ಎಂದು. ನನಗೆ, “ಅರ್ಧ ಇಟ್ಕೊಂಡು ಏನು ಮಾಡ್ಲಿ ಕಂದ, ಒಳಗೆ ಹೋಗು” ಎಂದರು.

ಮುಗಿಸಿದ. ಹಸಿ ಪ್ಲಾಸ್ಟರನ್ನು ತಲೆಗೆ, ಮುಖಕ್ಕೆ ಮೆತ್ತಿದರು. ಮೂಗಿನಲ್ಲಿ ಎರಡು ಕೊಳವೆ ಇಟ್ಟಿದ್ದರು ಉಸಿರಾಟಕ್ಕೆ. ಮಡಿಯಲ್ಲಿ ಮೊಮ್ಮಕ್ಕಳ ವಯಸ್ಸಿನವರನ್ನೂ ಮುಟ್ಟಗೊಡದ ಹೆಂಗಸನ್ನು ಗೋಡೆಗೆ ಗಾರೆ ಮಾಡುವಂತೆ ತೀಡಿದರು. “ಅಲುಗಬೇಡಿ ಅತ್ತೆ, ಅಲುಗಿದ್ರೆ ಮತ್ತೆ ಹಾಕ್ಬೇಕಾಗತ್ತೆ” ಎಂದು ಕುರ್ಚಿಯಿಂದ ದನಿ ಬಂತು. ಇನ್ನು ನಿಮ್ಮ ಕೆಲಸಕ್ಕೆ ಬರುವುದಿಲ್ಲ ಎಂದು ಅಲ್ಲೇ ಹೇಳಿ ಮನೆಗೆ ಹೋದೆ. ಅವರು ಕೈ ಮುಗಿದು, “ಒಳ್ಳೇದಾಗ್ಲಿ” ಎಂದರು.

ಮುಂದಿನದು ಅವರ ಹೆಂಡತಿ ಹೇಳಿದ್ದು. ಸಾಮಾನು ಏರಿಸುವ ಮೊದಲು ಪರೀಕ್ಷೆ ಮಾಡಲು ಆ ನಗರದಿಂದ ಒಬ್ಬಾಕೆ ಬಂದಳಂತೆ. ದೀಪಗಳನ್ನು ನೋಡಿ ಮೆಚ್ಚಿದಳಂತೆ. ಗೊಂಬೆಗಳ ಮುಂದೆ ಬಂದಾಗ ಮುಖ ಸಪ್ಪಗಾಯಿತಂತೆ. ಮನುಷ್ಯರನ್ನು ಹೀಗೆ ಜೋಡಿಸಿಟ್ಟದ್ದು ನಮ್ಮ ಅಜ್ಜಂದಿರ ನಾಚಿಕೆಗೇಡು, ಅದನ್ನು ನಾವು ಮತ್ತೆ ಮಾಡುವುದಿಲ್ಲ, ಗೊಂಬೆಗಳು ಇದ್ದ ಜಾಗವನ್ನು ಖಾಲಿ ಬಿಡುತ್ತೇವೆ, ಕಾಗದ ಬರೆದಿದ್ದೆವಲ್ಲ ಎಂದಳಂತೆ. ಕಾಗದ ಇವರಿಗೆ ಮೊದಲೇ ತಲುಪಿತ್ತು. ಎದುರಿಗೆ ನಿಲ್ಲಿಸಿ ತೋರಿಸಿದರೆ ಮನಸ್ಸು ಬದಲಾಯಿಸುತ್ತಾಳೆ ಎಂದು ಇವರ ಲೆಕ್ಕ. ಅವಳು ಬದಲಾಯಿಸಲಿಲ್ಲ. ಅತ್ತೆಯ ಕೂದಲು ಯಾರಿಗೂ ಬೇಡದ ಗೊಂಬೆಗಾಗಿ ಹೋಯಿತು.

ಗೊಂಬೆಯನ್ನು ಕಾರ್ ಶೆಡ್ಡಿನಲ್ಲಿ ನಿಲ್ಲಿಸಿದರು. ಬೆಳಗ್ಗೆ ಹೊರಡುವಾಗ ಕಣ್ಣಿಗೆ ಬೀಳಬಾರದೆಂದು ಮುಖವನ್ನು ಗೋಡೆಗೆ ತಿರುಗಿಸಿ ಗೋಣಿಚೀಲ ಹೊದಿಸಿದ್ದರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ನಮ್ಮಲ್ಲಿ ಗಾದೆಯಿದೆ. ಇವರು ಬದನೆಕಾಯಿ ತಿಂದು ತೊಟ್ಟನ್ನು ಪ್ರದರ್ಶನಕ್ಕೂ ಇಟ್ಟವರು.

ಅತ್ತೆಯನ್ನು ನಾನು ಆಮೇಲೂ ನೋಡಲು ಹೋಗುತ್ತಿದ್ದೆ, ಮಹಾನುಭಾವರು ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು. ಅತ್ತೆ ಮಾತು ಕಡಿಮೆ ಮಾಡಿದ್ದರು. ತಲೆಯ ಮೇಲಿನ ಸೆರಗನ್ನು ನನ್ನ ಮುಂದೆಯೂ ಸರಿಸುತ್ತಿರಲಿಲ್ಲ. ಮರುವರ್ಷ ಬೇಸಿಗೆಗೆ ಮೊದಲು ಮಹಾನುಭಾವರು ಮದ್ರಾಸ್ ಕೋಣೆಯ ಉದ್ಘಾಟನೆಗೆ ವಿಮಾನ ಹತ್ತಿದರು. ಅವರು ಅಲ್ಲಿ ಇಳಿದ ಮರುದಿನ ಅತ್ತೆ ನಿದ್ದೆಯಲ್ಲೇ ಹೋದರು.

ಅವರ ಹೆಂಡತಿ ನನ್ನನ್ನು ಕರೆಸಿಕೊಂಡು ಪಕ್ಕದಲ್ಲಿ ಕೂರಿಸಿಕೊಂಡೇ ಹೋಟೆಲಿಗೆ ಫೋನ್ ಮಾಡಿದರು. ಅತ್ತ ದನಿ ನನಗೂ ಕೇಳುತ್ತಿತ್ತು.

“ರೀ, ಅತ್ತೆ ಹೋಗ್ಬಿಟ್ರು.”

“ನೀನು ಈಗ ಫೋನ್ ಮಾಡ್ಲಿಲ್ಲ. ತಿಳೀತಾ? ಸುದ್ದಿ ಕೇಳಿದ ಮೇಲೆ ತಾನೇ ಸೂತಕ? ನಾಳೆ ಸಂಜೆ ಇಲ್ಲಿ ನಾನು ದೀಪ ಹಚ್ಬೇಕು. ಅದಾದ ಮೇಲೆ ಫೋನ್ ಮಾಡಿ ಹೇಳು. ಅಲ್ಲೀವರೆಗೆ ಶಾಸ್ತ್ರಿಗಳ ಕೈಲಿ ಮುಗಿಸಿಬಿಡು.”

ಕೊಳ್ಳಿ ಇಡುತ್ತೇನೆ ಎಂದು ತಲೆ ಬೋಳಿಸಿದವರು ದೂರದೇಶದಲ್ಲಿ ರೇಷ್ಮೆ ಉಟ್ಟು ದೀಪ ಹಚ್ಚಿದರು. ಇಲ್ಲಿ ಅವರ ಹೆಂಡತಿ ಕೈಯಿಂದ ದರ್ಭೆ ಇಸಿದುಕೊಂಡ ಶಾಸ್ತ್ರಿಗಳು ಅವರ ಬದಲಿಗೆ ಅತ್ತೆಗೆ ಬೆಂಕಿ ಕೊಟ್ಟರು.

ಹತ್ತನೆಯ ದಿನದ ಹೊತ್ತಿಗೆ ಬಂದಿಳಿದರು. ಕ್ರಿಯೆ ನಡೆಸುವ ಮಂಟಪದಲ್ಲಿ ಬಂಧುಗಳೆಲ್ಲ ಸೇರಿದ್ದರು. ನಾನು ಹೆಂಗಸರ ಕಡೆ ಕೂತಿದ್ದೆ. ಇನ್ನು ಮುಂದಿನ ಕರ್ಮಕ್ಕೆಲ್ಲ ಅವರೇ ಕರ್ತೃ, ಆದ್ದರಿಂದ ಮೊದಲು ಕ್ಷೌರವಾಗಬೇಕು ಎಂದು ಶಾಸ್ತ್ರಿಗಳು ಹೇಳಿದರು. ಕ್ಷೌರಿಕ ನೀರಿನ ಚೊಂಬು ಇಟ್ಟುಕೊಂಡು ಕಾಯುತ್ತಿದ್ದ. ಮಹಾನುಭಾವರು ತಮ್ಮ ತಲೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡರು. ಆ ವಯಸ್ಸಿಗೂ ದಟ್ಟವಾದ, ಬಣ್ಣ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು.

“ಸ್ವಾಮಿ, ಬರೋ ವಾರ ನನಗೊಂದು ಸನ್ಮಾನ ಇದೆ. ಪೇಪರಿನವರು, ಫೋಟೋದವರು ಎಲ್ಲಾ ಬರ್ತಾರೆ. ಇದಕ್ಕೊಂದು ಪ್ರತ್ಯಾಮ್ನಾಯ ಮಾಡಿಬಿಡಿ” ಎಂದರು. ಮಾಡಲಾಗದ್ದಕ್ಕೆ ಬದಲಾಗಿ ದಕ್ಷಿಣೆ ಇಟ್ಟು ಬಿಡುಗಡೆ ಪಡೆಯುವ ದಾರಿಗೆ ಶಾಸ್ತ್ರದಲ್ಲಿ ಹಾಗೆನ್ನುತ್ತಾರೆ. ಶಾಸ್ತ್ರಿಗಳು ಬಂಧುಗಳ ಕಡೆ ನೋಡಿದರು. ಮಹಾನುಭಾವರು ವೀಳ್ಯದೆಲೆಯ ಮೇಲೆ ನೋಟು ಇಟ್ಟರು. ಕ್ಷೌರಿಕ ಕತ್ತಿಯನ್ನು ಮಡಿಚಿ ಪೆಟ್ಟಿಗೆಗೆ ಹಾಕಿಕೊಂಡ.

ಆಗ ನನ್ನ ಪಕ್ಕದಲ್ಲಿದ್ದ ಅವರ ಹೆಂಡತಿ ಎದ್ದು ನಿಂತರು. ಅಷ್ಟು ಜನರ ನಡುವೆ ಗಂಡನೆದುರು ದನಿಯೆತ್ತಿದವರಲ್ಲ.

“ರೀ, ಅತ್ತೆ ತಲೆಗೆ ಈ ಪ್ರತ್ಯಾಮ್ನಾಯ ಇರ್ಲಿಲ್ವಾ?”

ಅವರು ಹೆಂಡತಿಯ ಕಡೆ ತಿರುಗಲೂ ಇಲ್ಲ. ಎಳ್ಳಿನ ಬಟ್ಟಲನ್ನು ಹತ್ತಿರ ಎಳೆದುಕೊಂಡು, “ಮಂತ್ರ ಹೇಳಿ ಸ್ವಾಮಿ, ಹೊತ್ತಾಯ್ತು” ಎಂದರು.